ರಜೆ ಪೂರ್ತಿ ಆಡುವ ಆಟ

ಹಳೆಯ ಕಂಪ್ಯೂಟರ್ ರಿಪೇರಿ ಮಾಡುವ ಮಲ್ಲೇಶಿಯ ಅಂಗಡಿಗೆ ಹೆಂಗಸೊಬ್ಬಳು ಬಂದು ಪೆನ್‌ಡ್ರೈವ್ ಚಾಚಿದಳು.

"ಮಗಳಿಗೆ ಒಂದು ಆಟ ಹಾಕಿಕೊಡ್ರಿ. ನಮ್ಮ ಕಂಪ್ಯೂಟರು ಭಾಳ ಹಳೇದೈತಿ."

"ವಯಸ್ಸೆಷ್ಟು ಹುಡುಗಿಗೆ?"

"ಹದಿಮೂರು. ಹಟಮಾರಿ. ಹಿಡಿದದ್ದು ಮುಗಿಸೂತನಕ ಬಿಡಾಕಿ ಅಲ್ಲ."

ಮಲ್ಲೇಶಿಗೆ ಹುರುಪು ಬಂತು. ಯಾರೂ ಕೇಳರಿಯದ ಆಟಗಳನ್ನು ಹುಡುಕಿ ಕೂಡಿಡುವುದು ಅವನ ಹುಚ್ಚು. ಕಪ್ಪೆಯೊಂದು ಹೊಳೆ ದಾಟುವ ಮೂವತ್ತು ವರ್ಷದ ಹಿಂದಿನ ಆಟ ತೆರೆದು, ತಾನೇ ಮುಚ್ಚಿದ.

"ಇದು ತಾಸಿನಾಗ ಮುಗೀತೈತಿ. ಇದನ್ನ ನೋಡ್ರಿ, ಯಾರೋ ಪುಣ್ಯಾತ್ಮ ಒಬ್ಬನ ಕುಂತು ಮಾಡಿದ್ದು. ಇದರಾಗ ಒಬ್ಬ ಹುಡುಗಿ ಒಂದು ಕುರಿಮರಿ ಕರಕೊಂಡು ದೇಶ ಸುತ್ತತಾಳ. ರಜೆ ಪೂರ್ತಿ ಆಡಬಹುದು."

ಪರದೆಯ ಹುಡುಗಿ ಗುಡ್ಡ ಹತ್ತುವುದನ್ನು ಅವಳು ಬಹಳ ಹೊತ್ತು ನೋಡಿದಳು.

"ಚಲೋ ಐತ್ರಿ. ಆದ್ರ ಇಷ್ಟು ದೊಡ್ಡದು ಬ್ಯಾಡ."

"ಪರೀಕ್ಷೆ ಮುಗದಾವಲ್ಲ ಯವ್ವಾ, ಏನ್ ಅವಸರ? ನಡುವ ಬಿಟ್ರೂ ಅಲ್ಲಿಂದನ ಮುಂದ ಆಡಬಹುದು."

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ನಾ ಬ್ಯಾಡಂದ್ರೂ ಅವರಪ್ಪ ಗಂಡಿನ ಕಡ್ಯಾರಿಗೆ ಮಾತು ಕೊಟ್ಟಾನ್ರಿ. ಗುರುವಾರ ಅಕಿಗೆ ಅರಿಶಿಣ ಹಚ್ಚತಾರ, ಅಷ್ಟರೊಳಗ ಮುಗಿಯೂದು ಕೊಡ್ರಿ."