ಬಾಯಿ ಬಿಚ್ಚದ ಚೀಲ

“ಮೂರನೇ ದಿನ ಆತವಾ. ನಿನಗರ ಬ್ಯಾಸರಾಗಂಗಿಲ್ಲೇನು?”

ಅಮರಗುಂಡಪ್ಪ ಗಾದಿಯಿಂದ ಏಳದೆ ಕೇಳಿದ. ಅವನ ದಲಾಲಿ ಅಂಗಡಿಯ ಮುಂದೆ, ಸಿಂಧನೂರು ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಬಯಲಿನಲ್ಲಿ, ಯಮನಮ್ಮನ ನಲವತ್ತು ಚೀಲ ಭತ್ತ ಬಿದ್ದಿತ್ತು. ಒಂದೊಂದು ಚೀಲದ ಮೇಲೂ ಬಟ್ಟೆಗೆ ಹಾಕುವ ನೀಲಿಯಿಂದ ಎಳೆದ ಗೆರೆ.

“ಬ್ಯಾಸರಾದ್ರ ಭತ್ತ ಎಲ್ಲಿ ಒಯ್ಯಲ್ರಿ, ಸಾವ್ಕಾರ್ರ? ಒಂದು ಕಾಳು ಕಡಿದು ನೋಡ್ರಿ.”

“ಹನ್ನೊಂದು ವರ್ಷದ ಹಿಂದಽ ನೋಡೀವಿ.”

ಆ ನೀಲಿ ಗೆರೆ ಕಾಲುವೆಯ ಕೊನೆಭಾಗದವರ ಗುರುತು. ಹಿಂದೆ ಅವರೆಲ್ಲ ಸೇರಿ ಒಂದೇ ಲಾರಿಯಲ್ಲಿ ಭತ್ತ ತರುತ್ತಿದ್ದರು. ಬೇರೆಯವರ ಚೀಲದ ಜೊತೆ ಬೆರೆಯಬಾರದೆಂದು ಗೆರೆ ಎಳೆಯುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಅವರ ಮೂವತ್ತು ಚೀಲ ಈ ಅಂಗಡಿಯ ಪಡಸಾಲೆಯಲ್ಲಿ ಎರಡು ದಿನ ಇದ್ದು ಮಿಲ್ಲಿಗೆ ಹೋಗಿತ್ತು. ಮಿಲ್ಲಿನವರು ನಾಲ್ಕು ಚೀಲ ಬಿಚ್ಚಿದರು. ಭತ್ತ ತೊಯ್ದು ಮೊಳಕೆಯೊಡೆದಿತ್ತು. ಉಳಿದದ್ದನ್ನು ಬಿಚ್ಚದೆಯೇ ವಾಪಸ್ ಕಳಿಸಿದರು. “ತೂಕ ಬರ್ಲೆಂತ ನೀರು ಹೊಡದಾರ” ಎಂದು ಅಮರಗುಂಡಪ್ಪ ಗಂಜಿನ ನಡುವೆ ನಿಂತು ಹೇಳಿದ. ಗಂಜಿಗೆ ಅವನ ಮಾತೇ ಮುದ್ರೆ. ಅಂದಿನಿಂದ ನೀಲಿ ಗೆರೆ ಕಂಡರೆ ಯಾವ ಅಂಗಡಿಯವನೂ ಚೀಲ ಮುಟ್ಟಲಿಲ್ಲ. ಕೊನೆಭಾಗದವರು ಹೊಲದಲ್ಲೇ, ಬಂದವರಿಗೆ, ಬಂದಷ್ಟಕ್ಕೆ ಕೊಟ್ಟು ಕೈತೊಳೆದುಕೊಳ್ಳತೊಡಗಿದರು.

ಈ ವರ್ಷ ಯಮನಮ್ಮ ಒಬ್ಬಳೇ ಲಾರಿ ತಂದಿದ್ದಳು.

“ಗೆರಿ ಯಾಕ ಹಾಕಿದಿಬೇ?” ಹಮಾಲ ವಾಸಿಂ ಮೆಲ್ಲಗೆ ಕೇಳಿದ. “ಹಾಕದಿದ್ರ ಇಷ್ಟೊತ್ತಿಗೆ ಹೋಗಿಬಿಡ್ತಿತ್ತು.”

“ನಮ್ಮ ಗುರ್ತು ನಾವ್ಯಾಕ ಮುಚ್ಚೋಣಪಾ?”

ಅವಳು ಒಂದು ಹಳೆಯ ಗೋಣಿಚೀಲ ಹಾಸಿಕೊಂಡು ಕೂತಿದ್ದಳು. ಅದಕ್ಕೂ ನೀಲಿ ಗೆರೆ, ಮಾಸಿ ಬೂದುಬಣ್ಣಕ್ಕೆ ತಿರುಗಿದ್ದು. ವಿಚಿತ್ರವೆಂದರೆ ಅದರ ಬಾಯಿ ಹೊಲಿದೇ ಇತ್ತು, ತಳ ಕೊಯ್ದಿತ್ತು. ಮೊದಲ ದಿನ ಅವಳು ಅದನ್ನು ಕೊಡವಿ ಹಾಸಿದಾಗ ಅಮರಗುಂಡಪ್ಪ ಒಂದು ಗಳಿಗೆ ನೋಡಿ, ಗಾದಿಯನ್ನು ಇನ್ನೊಂದು ಗೋಡೆಗೆ ಹಾಕಿಸಿಕೊಂಡಿದ್ದ. ಅಲ್ಲಿಂದ ಬಯಲು ಕಾಣುತ್ತಿರಲಿಲ್ಲ.

ಪಡುವಣದಲ್ಲಿ ಮೋಡ ದಟ್ಟವಾಗುತ್ತಿತ್ತು. ಚಂಡಮಾರುತವಂತೆ, ಸಂಜೆಯೊಳಗೆ ಮಳೆಯಂತೆ. ಬಯಲಲ್ಲಿ ತೊಯ್ದರೆ ನಲವತ್ತು ಚೀಲವೂ ಎರಡೇ ದಿನದಲ್ಲಿ ಮೊಳೆಯುತ್ತದೆ. ಆಮೇಲೆ ಗಂಜಿನವರು ಹೇಳಿದ್ದೇ ನಿಜವಾಗುತ್ತದೆ.

ಇದನ್ನೆಲ್ಲ ಅಮರಗುಂಡಪ್ಪನ ಮಗ ವೀರೇಂದ್ರ ನೋಡುತ್ತಿದ್ದ. ಎಂ.ಎ. ಮುಗಿಸಿ ಐದು ವರ್ಷದಿಂದ ಈ ಅಂಗಡಿಯಲ್ಲೇ ಇದ್ದ. ನೋಡುವುದು, ಸುಮ್ಮನಿರುವುದು ಎರಡೂ ಅಭ್ಯಾಸವಾಗಿತ್ತು.

ಮಧ್ಯಾಹ್ನ ಕಾಲುವೆಯ ಮೇಲ್ಭಾಗದ ರೈತರ ಭತ್ತ ಬಂತು. ಒಂದು ಚೀಲದ ಹೊಲಿಗೆ ಬಿಚ್ಚಿಹೋಗಿತ್ತು. ಅಮರಗುಂಡಪ್ಪ ದಬ್ಬಣಕ್ಕೆ ಸುತಳಿ ಪೋಣಿಸಿ ತಾನೇ ಹೊಲಿದ. ಎಡಗೈ ಚುರುಕಾಗಿ ಓಡಿತು.

“ನೋಡ್ರಿ,” ವಾಸಿಂ ನಕ್ಕ, “ಊರ ಮಂದಿ ಗಂಟೆಲ್ಲಾ ಬಲಕ್ಕ ಸುತ್ತಿದ್ರ ನಮ್ಮ ಸಾವ್ಕಾರ್ರ ಗಂಟು ಎಡಕ್ಕ. ಕದ್ದವ ಗಂಟು ನೋಡಿ ಹೆದರಿ ವಾಪಸ್ ತಂದು ಕೊಡ್ತಾನ.”

“ಬಾಯಿ ಬಂದ್ ಮಾಡಿ ಚೀಲ ಹೊರಲೇ.”

ಆ ನಗುವಿನ ನಡುವೆ ವೀರೇಂದ್ರ ಎದ್ದು ಬಯಲಿಗೆ ಹೋದ. ಯಮನಮ್ಮನ ಒಂದು ಚೀಲ ಬಿಚ್ಚಿ ತಾಡಪತ್ರಿಯ ಮೇಲೆ ತಳದವರೆಗೂ ಸುರಿದ. ಒಂದು ಕಾಳು ಕಡಿದ. ಕಟ್ಟೆಂದಿತು. ತಳದ ಕಾಳು ಕಡಿದ. ಅದೂ ಕಟ್ಟೆಂದಿತು.

“ಅಪ್ಪಾ, ಪೂರಾ ಒಣಗೇದ. ನೀವಽ ಬಂದು ನೋಡ್ರಿ.”

ದಬ್ಬಣ ಹಿಡಿದು ಬಾಗಿಲಲ್ಲೇ ನಿಂತಿದ್ದ ಅಪ್ಪ ಬರಲಿಲ್ಲ. ಅವನ ಮುಖದಲ್ಲಿ ಬೆರಗೂ ಕಾಣಲಿಲ್ಲ.

“ಕಟ್ಟಿಡು ಅದನ್ನ. ಒಂದು ಒಣಗಿದ್ರ ಮೂವತ್ತೊಂಬತ್ತು ಹಸಿ ಇರ್ತಾವ. ಆ ಮಂದಿನಽ ಹಂಗ.”

“ಎಲ್ಲಾನೂ ಸುರುವಿ ತೋರಿಸ್ಲೇನು?”

“ವೀರೇಂದ್ರಾ.” ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ದೂರ ನಡೆದು ಬಂದವನ ದಣಿವಿತ್ತು. “ಒಂದು ಚೀಲ ತಗೊಂಡ್ವಿ ಅಂತ ತಿಳಿ. ಭತ್ತ ಚಲೋ ಬಂತು ಅಂತ ತಿಳಿ. ನಾಳೆ ಮಂದಿ ಏನು ಕೇಳ್ತಾರ?”

ವೀರೇಂದ್ರನಿಗೆ ಅರ್ಥವಾಗಲಿಲ್ಲ. ಅಪ್ಪ ಬಾಗಿಲ ತಗಡನ್ನು ಅರ್ಧ ಎಳೆದು ಊಟಕ್ಕೆ ಹೊರಟ. ಹೋಗುತ್ತಾ ಮೇಲೆ ನೋಡಿ, ಸೂರು ಸೋರುವಲ್ಲಿ ಬಕೆಟ್ ಇಡಲು ವಾಸಿಂಗೆ ಹೇಳಿದ. ಸೂರು ಮೊದಲಿನಿಂದಲೂ ಸೋರುತ್ತಿತ್ತು. ಹನ್ನೊಂದು ವರ್ಷದ ಹಿಂದೆ ಆ ಮೂವತ್ತು ಚೀಲ ಇಲ್ಲಿದ್ದಾಗ ಬಂದ ಮಳೆಯಲ್ಲೂ ರಾತ್ರಿಯಿಡೀ ಸೋರಿತ್ತು. ಅದೇ ಸೂರಿನಡಿ ಇದ್ದ ತಮ್ಮ ಮನೆಯ ಭತ್ತಕ್ಕೆ ಹನಿಯೂ ತಾಗದ್ದು ಶಿವನ ಕೃಪೆಯೆಂದು ವೀರೇಂದ್ರನ ಅವ್ವ ಕಸ್ತೂರೆಮ್ಮ ಈಗಲೂ ಕೈಮುಗಿಯುತ್ತಾಳೆ.

ಮೊದಲ ಹನಿಗಳು ದಪ್ಪಗೆ ಬಿದ್ದವು. ವೀರೇಂದ್ರ, ವಾಸಿಂ ಸೇರಿ ತಾಡಪತ್ರಿ ಎಳೆದರು. ಅರ್ಧ ಚೀಲಗಳಿಗೂ ಸಾಲಲಿಲ್ಲ. ಯಮನಮ್ಮ ಎದ್ದು, ತಾನು ಕೂತಿದ್ದ ಹಳೆಯ ಚೀಲವನ್ನು ಕೊಡವಿ ಅವನ ಕಡೆ ಚಾಚಿದಳು.

“ತಲಿ ಮ್ಯಾಲೆ ಹಾಕ್ಕೋರಿ, ಸಣ್ಣ ಸಾವ್ಕಾರ್ರ. ತೊಯ್ತೀರಿ.”

“ಇದೇನವಾ, ಬಾಯಿ ಹೊಲಿದಂಗಽ ಐತಿ?”

“ಮಿಲ್ಲಿನವ್ರು ವಾಪಸ್ ಕಳಿಸಿದ್ರಲ್ರಿ, ಅದರಾಗಿನ್ದು. ಆ ಮೂವತ್ತೂ ಚೀಲ ಊರಾಗ ನಮ್ಮ ಮಾವನಽ ಹೊಲಿದು ಲಾರಿಗೆ ಹಾಕಿದ್ದ, ಬಲಗೈ ಬೊಬ್ಬಿ ಬಂದಿತ್ತು. ವಾಪಸ್ ಬಂದ ಮ್ಯಾಲೆ ಎಲ್ಲಾರೂ ಬಾಯಿ ಬಿಚ್ಚಿ ಸುರುವಿದ್ರು. ನಮ್ಮ ಮಾವ ಒಂದು ಚೀಲದ ತಳ ಕೊಯ್ದ. ಬಾಯಿ ನೋಡಿಕೋತ ಬಾಳೊತ್ತು ಕುಂತ. ‘ಇದನ್ನ ಬಿಚ್ಚಬ್ಯಾಡ, ಇಟ್ಕೋ’ ಅಂದ. ಯಾಕಂತ ಕೇಳಿದ್ರ, ‘ನಮ್ಮ ಮಾತು ಯಾರು ನಂಬ್ತಾರ’ ಅಂದ. ಆ ವರ್ಷಾನಽ ಹೋದ.”

ಮಳೆ ಜೋರಾಯಿತು. ವೀರೇಂದ್ರ ಚೀಲವನ್ನು ತಲೆಗೆ ಹೊದ್ದ. ಹೊಲಿದ ಬಾಯಿ ಹಣೆಯ ಮೇಲೆ ಬಂತು, ಸುತಳಿಯ ತುದಿ ಕಣ್ಣ ಮುಂದೆ ತೂಗಿತು. ಅದನ್ನು ಸರಿಸಲು ಹೋದ ಬೆರಳು ಅಲ್ಲೇ ನಿಂತಿತು.

ಗಂಟು ಎಡಕ್ಕೆ ಸುತ್ತಿತ್ತು.