ದೊಡ್ಡವರ ಸಂದರ್ಶನ

"ಹೆಸರು ಮಾತ್ರ ಕೇಳಬೇಡಿ," ನಂಜಮ್ಮ ದನಿ ತಗ್ಗಿಸಿದರು. "ಹೆಸರೆತ್ತಿದ್ರೆ ಬಂದೇಬಿಡ್ತಾರೆ."

ರೇವಣಸಿದ್ಧ ಒಳಗೊಳಗೇ ಹಿಗ್ಗಿದ. ಗೋಣಿಬೀಡಿನ ಸುತ್ತ ಭತ್ತದ ಗದ್ದೆಗಳು ಪಾಳು ಬೀಳುತ್ತಿರುವುದು ಉಪಗ್ರಹದ ಚಿತ್ರದಲ್ಲಿ ಕಾಣುತ್ತಿತ್ತು. ಯಾಕೆ ಎಂಬುದು ಕಾಣುತ್ತಿರಲಿಲ್ಲ. "ಚಿತ್ರ ಬಾಯಿ ಬಿಡಲ್ಲ, ಹೋಗಿ ಜನರನ್ನು ಮಾತಾಡಿಸು. ಇಲ್ಲದಿದ್ರೆ ಪಿಎಚ್.ಡಿ. ಆಸೆ ಬಿಡು," ಎಂದು ಗೈಡ್ ಗದರಿ ಕಳಿಸಿದ್ದರು. ಬಯಲುಸೀಮೆಯಲ್ಲಿ ಭೂಗೋಳದ ಮೇಷ್ಟ್ರಾಗಿದ್ದ ರೇವಣಸಿದ್ಧ ಗುಣಾತ್ಮಕ ಸಂಶೋಧನೆಯ ಬಗ್ಗೆ ಒಂದು ದಪ್ಪ ಪುಸ್ತಕ ಓದಿ, ಇನ್ನು ತನಗಿಂತ ಚೆನ್ನಾಗಿ ಕೇಳಿಸಿಕೊಳ್ಳುವವರಿಲ್ಲ ಎಂದುಕೊಂಡೇ ಬಸ್ಸು ಹತ್ತಿದ್ದ.

"ಗದ್ದೆ ಯಾಕೆ ಬಿಟ್ರಿ ನಂಜಮ್ಮನವರೇ?"

"ದೊಡ್ಡವರು ಬೆಳೆಯೋಕೆ ಬಿಡಬೇಕಲ್ಲ. ಬೇಲಿ ಕಿತ್ತು ನುಗ್ತಾರೆ. ಹೊಟ್ಟೆ ತುಂಬ ತಿಂದು, ಉಳಿದದ್ದನ್ನ ತುಳಿದು ಹೋಗ್ತಾರೆ."

"ಇಲಾಖೆಗೆ ಹೇಳಲಿಲ್ವಾ?"

"ಹೇಳಿದ್ವಿ. ಕಾನೂನು ಅವರ ಕಡೆಗಿದೆ, ಮೈ ಮುಟ್ಟೋ ಹಾಗಿಲ್ಲ ಅಂದ್ರು."

ಅವನ ರಕ್ತ ಕುದಿಯಿತು. ಅಧ್ಯಾಯದ ಹೆಸರು ಅಲ್ಲೇ ಹೊಳೆಯಿತು: 'ಮಲೆನಾಡಿನಲ್ಲಿ ಭೂಮಾಲೀಕರ ದರ್ಪ'. ಭೂಮಾಲೀಕ ಎಂಬ ಪದ ನಂಜಮ್ಮನ ಬಾಯಲ್ಲಿ ಬಂದಿರಲಿಲ್ಲ, ನಿಜ. ಆದರೆ ಆಡದ ಮಾತನ್ನೂ ಕೇಳಿಸಿಕೊಳ್ಳಬೇಕು ಎಂದು ಪುಸ್ತಕದಲ್ಲಿತ್ತಲ್ಲ.

ಇನ್ನೊಂದು ಕಡೆಯವರ ಮಾತೂ ಬೇಕು ಎಂದೂ ಇತ್ತು. ಅದಿಲ್ಲದೆ ಹೋದರೆ ಗೈಡ್ ಅಧ್ಯಾಯವನ್ನು ಮುಖಕ್ಕೆ ಎಸೆಯುವುದು ಖಂಡಿತ.

"ಅವರು ಎಲ್ಲಿ ಸಿಗ್ತಾರೆ? ಒಂದೆರಡು ಮಾತಾಡಬೇಕಿತ್ತು."

ನಂಜಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. "ನಿಮಗೇನು ತಲೆ ಕೆಟ್ಟಿದೆಯಾ ಮಾರಾಯ್ರೆ? ಸಂಜೆ ಕೆರೆ ದಾರೀಲಿ ಇಡೀ ಸಂಸಾರ ಬರುತ್ತೆ. ಅಷ್ಟರೊಳಗೆ ಬಸ್ಸು ಹತ್ತಿ ಹೋಗಿಬಿಡಿ."

ಇಡೀ ಸಂಸಾರ! ಗುಂಪು ಸಂದರ್ಶನವೇ ಆಯಿತು. ಬಸ್ಸಿಗೆಂದು ಹೇಳಿ ಹೊರಟವನು ಸೀದಾ ಕೆರೆ ದಾರಿ ಹಿಡಿದ.

ಹೊತ್ತು ಮುಳುಗುತ್ತಿತ್ತು. ಅವನು ದಾರಿ ಪಕ್ಕದ ಕಲ್ಲಿನ ಮೇಲೆ ಕೂತ. ಹೆದರಿಕೆಯಾಗದೆ ಇರಲಿಲ್ಲ. ಹೊಡೆಸಿಯೂ ಹೊಡೆಸಬಹುದು ಇಂಥವರು. ಆದರೂ ಅಂಗಿಯ ಕಾಲರ್ ಸರಿಪಡಿಸಿಕೊಂಡ, ಮೊಬೈಲಿನ ರೆಕಾರ್ಡರ್ ಒತ್ತಿದ.

ಕಾಫಿ ಗಿಡಗಳ ಆಚೆ ಏನೋ ಲಟಕ್ಕನೆ ಮುರಿಯಿತು. ಬಡವರ ಬೇಲಿ ಸಾಲದೆಂದು ಮರವನ್ನೂ ಮುರಿಸುತ್ತಾರಲ್ಲ, ಎಂಥ ಸೊಕ್ಕು ಎಂದುಕೊಂಡ. ಎದ್ದು ನಿಂತು ಕೈ ಮುಗಿದ.

"ನಮಸ್ಕಾರ ಸಾರ್. ನಿಮ್ಮ ಅಭಿಪ್ರಾಯವೂ ನನಗೆ ಬಹಳ ಮುಖ್ಯ."

ದೊಡ್ಡವರು ಸೊಂಡಿಲೆತ್ತಿದರು.