ಬಿಸಿ ಕೊಡ

ಬಾವಿಯಿಂದ ಬಂದ ಕೊಡ ಬಿಸಿಯಾಗಿತ್ತು.

ಸೊಸೆಯ ತಲೆಯ ಮೇಲಿದ್ದ ಜೋಡಿ ಕೊಡ ಇಳಿಸಿಕೊಳ್ಳಲು ಬಂದ ವಿರೂಪಾಕ್ಷಮ್ಮ ಕೆಳಗಿನ ಕೊಡಕ್ಕೆ ಕೈ ಹಚ್ಚಿದವಳೇ ಚಟ್ಟನೆ ಹಿಂದೆಗೆದುಕೊಂಡಳು.

"ಯಾಕವಾ ಪಕ್ಕೀರವ್ವ, ಹನುಮಸಾಗರದ ಬಾವಿಗೆ ಯಾರರ ಒಲಿ ಹೂಡ್ಯಾರೇನು?"

ಪಕ್ಕೀರವ್ವ ಎರಡೂ ಕೈಯಿಂದ ಕೊಡಗಳನ್ನು ಬಿಗಿಹಿಡಿದಳು. ದಿನಾ ಬೇವಿನ ಗಿಡದ ನೆರಳಿಗೆ ಕೊಡ ಇಳಿಸಿ, ಆರಿದ ಮೇಲೆಯೇ ಮನೆಗೆ ಬರುತ್ತಿದ್ದಳು. ಇವತ್ತು ಗಿರಣಿಯಲ್ಲಿ ಪಾಳಿ ಸಿಕ್ಕಿದ್ದೇ ತಡವಾಗಿತ್ತು.

ಗಿರಣಿ ಖಾಜಾಸಾಬನದು. ಬಾವಿಯ ದಾರಿಯಲ್ಲಿ ತಗಡಿನ ಚಪ್ಪರ ಹಾಕಿ, ಎಣ್ಣೆಯ ಎಂಜಿನ್ ಕೂರಿಸಿ ಎರಡು ತಿಂಗಳಾಗಿತ್ತು. ಅದು ಟುಕ್ ಟುಕ್ ಎಂದ ಮೊದಲ ದಿನವೇ ವಿರೂಪಾಕ್ಷಮ್ಮ ಓಣಿಯ ಹೆಂಗಸರನ್ನು ತನ್ನ ಕಟ್ಟೆಗೆ ಕೂಡಿಸಿ ತೀರ್ಪು ಕೊಟ್ಟಿದ್ದಳು. "ಊರ ಮಂದಿ ಜ್ವಾಳೆಲ್ಲಾ ಒಂದ ಬಾಯಾಗ ಬೀಳ್ತಾವ. ಯಾರ ಹಿಟ್ಟು ಯಾರ ಹೊಟ್ಟಿಗೆ ಹೊಕ್ಕಿತೋ ಏನೋ! ಅಂಥಾ ಹಿಟ್ಟು ನನ್ನ ಹೊಸ್ತಿಲಾ ದಾಟಿತಂದ್ರ, ತಂದಾಕಿ ಹಂಗ ತವರಮನಿ ದಾರಿ ಹಿಡೀಬೇಕು." ಹೆಂಗಸರೆಲ್ಲ ಹೌದೌದೆಂದು ಗೋಣು ಹಾಕಿದ್ದರು.

ಆದರೆ ಪಕ್ಕೀರವ್ವನಿಗೆ ಈಗ ಐದು ತಿಂಗಳು. ಹಿಂದಿನ ಎರಡೂ ಸಲ ಬಸಿರು ನಿಂತಿರಲಿಲ್ಲ. ಈ ಸಲ ತುಂಬಿದ ಬೀಸುಕಲ್ಲು ಎಳೆಯಬೇಡ ಎಂದು ಸೂಲಗಿತ್ತಿ ಮಾರೆವ್ವ ಕಿವಿಯಲ್ಲಿ ಹೇಳಿದ್ದಳು. ಅದನ್ನು ಅತ್ತೆಗೆ ಹೇಳಿದರೆ, "ನಾ ಬೀಸಿಕೋತನ ಏಳು ಹಡದೀನಿ" ಎಂಬ ಉತ್ತರ ಸಿದ್ಧವಿತ್ತು. ಹಾಗಾಗಿ ನಸುಕಿನಲ್ಲೆದ್ದು, ಖಾಲಿ ಕಲ್ಲನ್ನು ಹಗುರಾಗಿ ತಿರುವುತ್ತ ಬೀಸುವ ಪದ ಹಾಡುವುದು. ಬೆಳಗಾದ ಮೇಲೆ ಕೆಳಗಿನ ಕೊಡದಲ್ಲಿ ಜೋಳ ಅಡಗಿಸಿಕೊಂಡು ನೀರಿಗೆ ಹೊರಡುವುದು. ಗಿರಣಿಯ ಬಿಸಿ ಹಿಟ್ಟನ್ನು ಅದೇ ಕೊಡಕ್ಕೆ ತುಂಬಿಸಿ, ಮೇಲಿನದರಲ್ಲಿ ನೀರು ತರುವುದು. ಎಂಜಿನ್ ಬಂದು ಅವಳ ಒಂದು ಕೆಲಸವನ್ನು ಎರಡು ಮಾಡಿತ್ತು.

"ಹೊಸಪೇಟಿ ಕಡೆ ಹೊಳಿಗೆ ಅಡ್ಡ ದೊಡ್ಡ ಕಟ್ಟಿ ಕಟ್ಟತಾರಂತ, ತಂಗಿ. ನೀರಾಗಿಂದ ಬೆಳಕು ತೆಗೀತಾರಂತ" ಎಂದು ಖಾಜಾಸಾಬ ಇವತ್ತು ಕಣ್ಣರಳಿಸಿ ಹೇಳಿದ್ದ. "ಆಮ್ಯಾಲೆ ಎಣ್ಣಿನೂ ಬ್ಯಾಡ. ಗುಂಡಿ ಒತ್ತಿದ್ರ ಮನಿಮನ್ಯಾಗ ಹಿಟ್ಟು!" ಹಾಗಾದ ಮೇಲೆ ಖಾಲಿ ಕಲ್ಲು ತಿರುವಲು ಇನ್ನೆಷ್ಟು ಬೇಗ ಏಳಬೇಕಾದೀತೋ ಎಂದು ಪಕ್ಕೀರವ್ವ ಮನಸ್ಸಿನಲ್ಲೇ ಅಂದುಕೊಂಡಿದ್ದಳು.

ವಿರೂಪಾಕ್ಷಮ್ಮ ಎರಡೂ ಕೊಡ ನೆಲಕ್ಕಿಳಿಸಿ, ಮೇಲಿನದನ್ನು ಎತ್ತಿ ಬದಿಗಿಟ್ಟಳು. ಕೆಳಗಿನದರಿಂದ ಚಿಟಿಕೆ ಹಿಟ್ಟು ತೆಗೆದು ಬೆರಳಲ್ಲಿ ತಿಕ್ಕಿದಳು.

"ಎಷ್ಟು ದಿನಾತು?"

"ಎರಡು ತಿಂಗಳಾತ್ರಿ, ಅತ್ತಿ."

"ಅಂದ್ರ... ಮಠದ ಅಯ್ಯಾರಿಗೆ ಕಳಿಸಿದ ರೊಟ್ಟಿ?"

"ಅವೂ ಇದ ಹಿಟ್ಟಿನವ್ರಿ."

ವಿರೂಪಾಕ್ಷಮ್ಮ ಕಂಬಕ್ಕೆ ಆನಿಕೊಂಡಳು. ಆ ರೊಟ್ಟಿ ಉಂಡ ಅಯ್ಯನವರು, ಕೈಯಿಂದ ಬೀಸಿದ ಹಿಟ್ಟಿನ ಸತ್ವ ಎಂಜಿನ್ನಿನ ಹಿಟ್ಟಿಗೆ ಎಲ್ಲಿಂದ ಬರಬೇಕು ಎಂದು ತುಂಬಿದ ಮಂದಿಯೊಳಗೆ ಹೊಗಳಿದ್ದರು. ಆ ಮಾತನ್ನು ಮನೆಮನೆಗೆ ಮುಟ್ಟಿಸಿದವಳು ವಿರೂಪಾಕ್ಷಮ್ಮನೇ.

ಪಕ್ಕೀರವ್ವನ ಕಣ್ಣಿಗೆ ಆಗಲೇ ತವರೂರು ಯಲಬುರ್ಗಿಯ ದಾರಿ ಕಾಣುತ್ತಿತ್ತು. ಬಂಡಿಯ ಕುಲುಕಾಟ ನೆನೆದು ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ಅಷ್ಟರಲ್ಲಿ ಪಕ್ಕದ ಮನೆಯ ಶೇಖರಮ್ಮ ಬಾಗಿಲಲ್ಲಿ ತಲೆ ಹಾಕಿದಳು.

"ಏನಕ್ಕಾ, ಅತ್ತಿ ಸೊಸಿ ಕೂಡಿ ಕೊಡದಾಗ ಏನ ಹುಡುಕಾಕತ್ತೀರಿ?"

ಕಣ್ಣು ಮುಚ್ಚಿ ತೆರೆಯುವುದರೊಳಗೆ ನೀರಿನ ಕೊಡ ಹಿಟ್ಟಿನ ಕೊಡದ ಬಾಯಿಯ ಮೇಲೆ ಕೂತಿತು.

"ಏನಿಲ್ಲವಾ. ಬಸರ ಹೆಂಗಸು ಎರಡೆರಡು ಕೊಡ ಹೊತಗೊಂಡು ಬರ್ತಾಳಲ್ಲಾ ಅಂತ ಬೈಯಾಕತ್ತಿದ್ದೆ."

"ನಿಮ್ಮಂಥಾ ಅತ್ತಿ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕು ಬಿಡ್ರಿ" ಎಂದು ಶೇಖರಮ್ಮ ಹೊರಟುಹೋದಳು.

ವಿರೂಪಾಕ್ಷಮ್ಮ ಹೋಗಿ ಬಾಗಿಲ ಅಗಳಿ ಹಾಕಿದಳು. ಆಮೇಲೆ ದನಿ ಇಳಿಸಿದಳು.

"ಹುಚ್ಚಿ, ಖಾಲಿ ಕಲ್ಲು ಕರಕರ ಅಂತೈತಿ. ಕೇಳಿದವರಿಗೆ ತಿಳಿಯಂಗಿಲ್ಲೇನು? ನಾಳಿಂದ ಒಂದು ಹಿಡಿ ಮರಳು ಹಾಕೋಣು. ನೀ ಬರೇ ಪದಾ ಹಾಡು."

ಮರುದಿನ ನಸುಕಿನಲ್ಲಿ ಇಬ್ಬರೂ ಎದುರುಬದುರು ಕೂತರು. ಬೀಸುಕಲ್ಲಿನ ಗೂಟ ಅತ್ತೆಯ ಕೈಯಲ್ಲಿತ್ತು. ಎಷ್ಟೋ ವರ್ಷದ ಮೇಲೆ ಕಲ್ಲು ಹಿಡಿದವಳು ಬೆವರುತ್ತ, ಏದುತ್ತ, ಪಟ್ಟು ಬಿಡದೆ ಮರಳು ಬೀಸಿದಳು. ಸೊಸೆ ಉಸಿರಿಗೆಂದು ಪದ ನಿಲ್ಲಿಸಿದಾಗ ಗೋಡೆಯಾಚೆಯಿಂದ ಶೇಖರಮ್ಮನ ಮನೆಯ ಕಲ್ಲಿನ ಸದ್ದು ಕೇಳಿಬಂತು. ವಿರೂಪಾಕ್ಷಮ್ಮ ಕೈ ನಿಲ್ಲಿಸಿ ಕಿವಿಗೊಟ್ಟಳು. ಬೆವರಿದ ಮುಖ ಅರಳಿತು.

"ಕೇಳಿದೇನ? ಕರಕರ ಅನ್ನಾಕತ್ತೈತಿ" ಎಂದು ಪಿಸುಗುಟ್ಟಿದಳು. "ಪಾಪ, ಆಕಿಗಿನ್ನೂ ಮರಳು ಹಾಕೋದು ತಿಳಿದಿಲ್ಲ."